ಅರ್ಧ ಹೊಲಿದ ಫ್ರಾಕು

ಲೈಟು ಆರಿಸಬ್ಯಾಡ್ರಿ, ಇರ್ಲಿ. ಇದು ಕಟ್ಟಿದ ಕತಿ ಅಲ್ಲ, ನಮ್ಮ ಪಕ್ಕದ ಮನಿ ಸಾಯಿಲಕ್ಷ್ಮಿಗೆ ಆಗಿದ್ದು. ರಾಯದುರ್ಗದಾಗ ಜೀನ್ಸ್ ಹೊಲಿಯಾಕಿ. ಬಾಯಿ ಜೋರು, ದೆವ್ವ ಅಂದ್ರ ಬಿದ್ದು ಬಿದ್ದು ನಗಾಕಿ.

ಅವತ್ತು ಬೆಂಗಳೂರಿಂದ ಬಂದು ಬಸ್ಸಿಳಿದಾಗ ರಾತ್ರಿ ಹನ್ನೊಂದೂವರಿ. ಆರು ವರ್ಷದ ಮಗಳು ಹಾರಿಕಾ ಹೆಗಲ ಮ್ಯಾಲೆ ಮಲಗಿದ್ಲು. ಗುಡ್ಡದ ಕೆಳಗಿನ ಹಾಳು ಬಾವಿ ದಾಟಿ ಮನಿಗೆ ಬರ್ಬೇಕು. ಅಂಥಾಕಿ ಮನಸಿನಾಗೂ ಆ ಕತ್ತಲಾಗ ಒಂದೇ ಕೊರಗು... ನಾನ್ಯಾಕ ಅದನ್ನ ಮುಟ್ಟಿದ್ನಪ್ಪಾ?

ಆಗಿದ್ದೇನಂದ್ರ, ಬೆಳಿಗ್ಗೆ ಮಗಳಿಗೆ ಎರಡು ಮ್ಯೂಸಿಯಂ ತೋರ್ಸಿದ್ಲು. ಒಂದು ರೈಲಿಂದು. ಇನ್ನೊಂದು ಬರೀ ಹೊಲಿಗಿ ಮಿಷಿನ್ನಿಂದು. ಅಲ್ಲೊಂದು ಕೈ ಮಿಷಿನ್ನು, ಹೊಲೀತಾ ಹೊಲೀತಾನ ಜೀವ ಬಿಟ್ಟ ಒಬ್ಬಾಕಿದಂತ. ಸೂಜಿ ಕೆಳಗ ಸಣ್ಣ ಹುಡುಗಿ ಫ್ರಾಕು, ಅರ್ಧ ಹೊಲಿದದ್ದು, ಹಂಗೇ ಇಟ್ಟಿದ್ರು. ಮುಟ್ಟಬಾರ್ದು ಅಂತ ಬೋರ್ಡು ಬ್ಯಾರೆ. ಟೈಲರ್ ಮಂದಿ ಕೈ ಸುಮ್ನಿರ್ತದೇನ್ರಿ? ಸೂಜಿ ಕೆಳಗ ಬಟ್ಟಿ ಅರ್ಧಕ್ಕ ಬಿಡಬಾರ್ದು ಅನ್ನೋದು ಅವರ ರೂಢಿ. ಕಾವಲಿನವ ಅತ್ತ ತಿರುಗಿದ್ದೇ ತಡ, ಗಾಲಿ ತಿರುಗಿಸಿದ್ಲು. ಟಕ್... ಟಕ್... ಟಕ್. ಒಂದು ಗೇಣು ಹೊಲಿಗಿ ಮುಗಿಸಿ ದಾರ ಹಲ್ಲಿಲೆ ಕಡಿದ್ಲು.

ಬಾವಿ ಹತ್ರ ಬಂದ್ಲು ನೋಡ್ರಿ... ಒಳಗಿಂದ ಅದೇ ಸಪ್ಪಳ. ಟಕ್... ಟಕ್... ಆಕಿ ನಿಂತ್ಲು. ಸಪ್ಪಳನೂ ನಿಂತಿತು. ಕಿವಿ ಪಕ್ಕದಾಗ ಒಂದು ಹೆಣ್ಣು ದನಿ, ಪಿಸುಪಿಸು.

“ನನ್ನ ಕೆಲಸ ಮುಗಿಸಿದಿ, ಚಲೋ ಆತವ್ವ... ಅಳತಿ ಯಾರ್ದು?”

ಸಾಯಿಲಕ್ಷ್ಮಿ ಕೂಸನ್ನ ಗಟ್ಟಿಯಾಗಿ ಅವಚಿಕೊಂಡ್ಲು. ಹೆದರಿಕಿಗೆ ಬಾಯಿಗೆ ಬಂದದ್ದು ಅಂದುಬಿಟ್ಲು.

“ನನ್... ನನ್ನ ಮಗಳ್ದು.”

“ಹಂಗಾರ ಅದೇ ಅಳತಿಗೆ ಇರ್ಲಿ.”

ಎದ್ದೆನೋ ಬಿದ್ದೆನೋ ಅಂತ ಓಡಿ ಬಂದು ಬಾಗಿಲು ಹಾಕಿದ್ಲು. ಕೂಸಿನ ಹಣಿ ಮುಟ್ಟಿ ನೋಡಿದ್ಲು. ಜ್ವರ ಇಲ್ಲ, ಏನಿಲ್ಲ. ಸದ್ಯ, ದೇವ್ರು ಕಾಪಾಡಿದ ಅಂತ ಅಪ್ಪಿಕೊಂಡು ಅತ್ಲು ಪಾಪ.

ಇದಾಗಿ ಮೂರು ವರ್ಷ ಆತು. ಹಾರಿಕಾ ಉಣ್ತಾಳ, ಆಡ್ತಾಳ, ಓದಿನಾಗೂ ಚುರುಕು. ಅನಂತಪುರದ ಡಾಕ್ಟ್ರು ಎಲ್ಲಾ ಸರಿ ಐತಿ ಅಂದ್ರು. ಸುಳ್ಳು ಹೇಳಿದ್ರ ನನ್ನ ಕಣ್ಣು ಹೋಗ್ಲಿ... ಹೋದ ಜೂನಿನಾಗ ಯೂನಿಫಾರಂಗೆ ಸಾಯಿಲಕ್ಷ್ಮಿ ಟೇಪು ಹಿಡಿದಾಗ ನಾನು ಅಲ್ಲೇ ಕುಂತಿದ್ದೆ. ಒಂದಲ್ಲ, ಮೂರು ಸಲ ಅಳೆದ್ಲು. ಎದಿ ಇಪ್ಪತ್ತೆರಡು, ಉದ್ದ ಇಪ್ಪತ್ತು. ಮಗಳಿಗೆ ಆರು ವರ್ಷ ಇದ್ದಾಗ ಎಷ್ಟಿತ್ತೋ ಅಷ್ಟೇ. ಒಂದು ನೂಲು ಹೆಚ್ಚಿಲ್ಲ.