ಸಡಿಲವಾಗಿ ಸುತ್ತಿ

ಆಸ್ಪತ್ರೆಯ ಚೀಟಿ ಬರೆಯುವ ಗುಮಾಸ್ತೆಗೆ ಎದುರು ಬೆಂಚಿನ ಮಾತು ಬೇಡವೆಂದರೂ ಕೇಳಿಸುತ್ತಿತ್ತು, ಕಿವಿಗೆ ಬಾಗಿಲಿಲ್ಲವಲ್ಲ. ಎಳೆಗೂಸುಗಳ ವಾರ್ಡಿನ ಮುಂದೆ ಅತ್ತೆಯೊಬ್ಬರು ಅಳಿಯನಿಗೆ ಕುಲಾವಿ ಹೆಣೆಯಲು ಕಲಿಸುತ್ತಿದ್ದರು. ಅವನ ಕೈಯಲ್ಲಿ ಬಳೆಯಂಥ ಪ್ಲಾಸ್ಟಿಕ್ ಮಗ್ಗ, ಅದರ ಸುತ್ತ ಸಾಲು ಗೂಟ. ಅವರ ಮಡಿಲಲ್ಲಿ ಉಣ್ಣೆಯ ಉಂಡೆ.

“ಗೂಟಕ್ಕೆ ಎರಡೆರಡು ಸುತ್ತು ಆಯ್ತಾ? ಈಗ ಕೆಳಗಿನ ಎಳೆನ ಕೊಕ್ಕೇಲಿ ಎತ್ತಿ, ಗೂಟ ದಾಟಿಸಿ ಒಳಗಡೆ ಬಿಡಿ.”

“ಕೊಕ್ಕೆ ತೂರ್ತಾನೇ ಇಲ್ಲ, ಅತ್ತೆ.”

“ಹಿಂಗೆ ಬಿಗಿದ್ರೆ ಹೆಂಗೆ ತೂರತ್ತೆ?”

“ಲಾರಿ ಚಕ್ರದ ನಟ್ಟು ಬಿಗಿಯೋ ಕೈ ಇದು. ಸಡಿಲ ಬಿಟ್ರೆ ಎಲ್ಲಿ ಕಳಚ್ಕೊಳ್ಳತ್ತೋ ಅಂತ ಜೀವ ಹೊಡ್ಕೊಳತ್ತೆ.”

“ಇದು ಚಕ್ರ ಅಲ್ಲ, ಅಳಿಯಂದ್ರೇ. ಬಿಚ್ಚಿ, ಮತ್ತೆ ಸುತ್ತಿ.”

“ಐದನೇ ಸಲ ಬಿಚ್ತಿದೀನಿ. ಮಗಳು ಏಳೇ ತಿಂಗಳಿಗೆ ಬಂದ್ಬಿಟ್ಳು. ಮುಟ್ಟೋ ಹಾಗಿಲ್ಲ, ಎತ್ಕೊಳ್ಳೋ ಹಾಗಿಲ್ಲ. ಇದೊಂದಾದ್ರೂ ನನ್ನ ಕೈಲಿ ಆಗ್ಬೇಡ್ವಾ?”

ಅತ್ತೆ ಉತ್ತರಿಸುವಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. “ಮಗುವಿನ ತಂದೆ ಬೇಗ ಬನ್ನಿ, ಡಾಕ್ಟರ್ ಕರೀತಿದಾರೆ.”

ಅವನು ಮಗ್ಗ ಹಿಡಿದೇ ಎದ್ದ. ದಾರ ಜಗ್ಗಿತು.

“ಅತ್ತೆ, ಕಿತ್ಬಿಡ್ಲಾ?”

“ಬೇಡ. ನೀವು ಹೋಗಿ, ನಾನು ಸಡಿಲ ಬಿಡ್ತಾ ಇರ್ತೀನಿ.”

ದಾರದ ಮೇಲೆಯೇ ಬಾಗಿಲು ಮುಚ್ಚಿತು. ಮಡಿಲಲ್ಲಿ ಉಂಡೆ ಇನ್ನೂ ನಾಲ್ಕು ಸುತ್ತು ಉರುಳಿ, ನಿಂತಿತು.