ಬಿಳಿ ಬಟ್ಟೆ ಹಿಡಿಯುವವರು

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ಹೊಲಿಗೆಯಾಕೆಯ ಪಕ್ಕಕ್ಕೇ ಆ ಇಬ್ಬರು ಬಂದು ಕೂತರು: ವಯಸ್ಸಾದ ಫೋಟೋಗ್ರಾಫರು, ಮಾಡೆಲ್ ಆಗಹೊರಟ ಹುಡುಗಿ. ಹುಡುಗಿಯ ಮಡಿಲಲ್ಲಿ ಅವಳವೇ ಫೋಟೋಗಳು. ಕಿವಿಗೆ ಬಾಗಿಲಿಲ್ಲವಲ್ಲ, ಅವರ ಮಾತೆಲ್ಲ ಆಕೆಗೆ ಕೇಳಿಸಿತು.

“ಸೋಮವಾರ ಆಯ್ಕೆ ಸಾರ್. ಎಲ್ಲದ್ರಲ್ಲೂ ಅರ್ಧ ಮುಖ ಕತ್ತಲೆ. ಇವನ್ನ ತೋರ್ಸಿದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ.”

“ಗದ್ದ ಯಾಕಮ್ಮ ಇಷ್ಟು ಎತ್ತಿದೀಯ?”

“ನೀವೇ ಅಂದ್ರಲ್ಲ, ‘ಸ್ವಲ್ಪ ಮೇಲೆತ್ತೇ’ ಅಂತ!”

“ನಿನಗಲ್ಲ ತಾಯಿ.”

“ಮತ್ಯಾರಿಗೆ? ರೂಮಲ್ಲಿ ಇದ್ದದ್ದು ನಾವಿಬ್ರೇ.”

ಮುದುಕರು ಕನ್ನಡಕ ತೆಗೆದು ಒರೆಸಿದರು.

“ನಮ್ಮನೆಯೋಳಿಗೆ. ದೇವರು ಕೊಟ್ಟ ಬೆಳಕಿರುವಾಗ ಲೈಟ್ ಯಾಕೆ ಅಂತ ಮೂವತ್ತು ವರ್ಷ ಕಿಟಕಿ ಪಕ್ಕಾನೇ ಫೋಟೋ ತೆಗೆದೆ. ಕತ್ತಲೆ ಕಡೆ ಅವಳು ಬಿಳಿ ಬಟ್ಟೆ ಎತ್ತಿ ಹಿಡಿದು ನಿಲ್ತಿದ್ಳು. ಬೆಳಕು ಅದಕ್ಕೆ ತಾಗಿ ಮುಖಕ್ಕೆ ಬರೋದು. ಅವಳು ಹೋಗಿ ಎರಡು ತಿಂಗಳಾಯ್ತು. ನನ್ನ ಬಾಯಿಗೆ ಇನ್ನೂ ಗೊತ್ತಾಗಿಲ್ಲ.”

ಹುಡುಗಿ ಫೋಟೋಗಳನ್ನು ಮಗುಚಿಟ್ಟಳು.

“ನಾಳೆ ಬೆಳಿಗ್ಗೆ ಇನ್ನೊಂದ್ಸಲ ತೆಗೀರಿ ಸಾರ್. ಬಟ್ಟೆ ಹಿಡಿಯೋಕೆ ಅಮ್ಮನ್ನ ಕರ್ಕೊಂಡು ಬರ್ತೀನಿ.”

“ಬರ್ಲಿ. ಆದ್ರೆ ನಾನು ಅವರನ್ನ ‘ಲೇ’ ಅಂತ ಗದರಿಬಿಟ್ರೆ ಬೇಜಾರು ಮಾಡ್ಕೋಬೇಡಿ ಅಂತ ಅವರಿಗೆ ಮೊದ್ಲೇ ಹೇಳಿಡು.”

ಬಸ್ಸು ಬಂತು. ಹುಡುಗಿ ಅವರ ಕ್ಯಾಮೆರಾ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು, ಮೊದಲು ಅವರನ್ನು ಹತ್ತಿಸಿದಳು.