ಇಂಜೆಕ್ಷನ್ ಕೊಡದ ಡಾಕ್ಟರು

ಗಂಡನಿಗೆ ಎದೆನೋವು ಬಂದು ಹೋದಾಗಿನಿಂದ ಅವರನ್ನು ಒಬ್ಬರೇ ಏಳಲು ಅನ್ನಪೂರ್ಣಮ್ಮ ಬಿಟ್ಟಿರಲಿಲ್ಲ. ಇವತ್ತು ಎದೆನೋವಾದವರಿಗೆ ವ್ಯಾಯಾಮ ಮಾಡಿಸುವ ದಾವಣಗೆರೆಯ ಡಾಕ್ಟರ ಹತ್ತಿರ ಹೊರಟು, ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಬುತ್ತಿಯ ಚೀಲ ತನ್ನ ತೊಡೆಯ ಮೇಲಿಟ್ಟುಕೊಂಡು, ಅವರ ರಟ್ಟೆ ಹಿಡಿದೇ ಕೂತಿದ್ದಳು. ಪಕ್ಕದ ಬೆಂಚಿನಲ್ಲಿ, ಅದೇ ಡಾಕ್ಟರನ್ನು ಕಂಡು ಬಂದಿದ್ದ ಒಬ್ಬನನ್ನು ಒಬ್ಬ ಯುವಕ ವಿಚಾರಿಸುತ್ತಿದ್ದ.

“ಇಂಜೆಕ್ಷನ್ ಹಾಕಿದ್ರಾ, ಬೆನಕಪ್ಪಣ್ಣ?”

“ಎಲ್ಲಿ ಇಂಜೆಕ್ಷನ್ನು ತಮ್ಮ! ನಡೆಸಿದ್ರು, ಕುರ್ಚಿ ಮೇಲೆ ಕೂರ್ಸಿ ಏಳ್ಸಿದ್ರು, ನಾಡಿ ನೋಡಿದ್ರು.”

“ಇಂಜೆಕ್ಷನ್ ಕೊಡ್ದೋರು ಎಂಥ ಡಾಕ್ಟ್ರು?”

“ಮನ್ಯಾಗೆ ಏನು ಕೆಲಸ ಮಾಡ್ತೀರಿ ಅಂತ ಕೇಳಿದ್ರು. ನನ್ನ ಹೆಂಡ್ತಿ ನೀರಿನ ಚೊಂಬೂ ಎತ್ತಾಕೆ ಬಿಡಲ್ರೀ ಅಂದೆ.”

“ಅದಕ್ಕೇನಂದ್ರು?”

“ನಿಮ್ಮ ಎದೆ ಸುಧಾರಿಸೈತೆ, ಹೆದರಿಕೆ ಇರೋದು ನಿಮ್ಮ ಮನೆಯವ್ರಿಗೆ, ಮುಂದಿನ ಸಲ ಅವ್ರನ್ನೂ ಕರ್ಕೊಂಡು ಬರ್ರಿ ಅಂದ್ರು.”

ಚನ್ನಗಿರಿ ಬಸ್ಸು ಬಂತು. ಬೆನಕಪ್ಪ ತನ್ನ ಚೀಲ ತಾನೇ ಎತ್ತಿಕೊಂಡು ಹತ್ತಿದ.

ಅನ್ನಪೂರ್ಣಮ್ಮ ಗಂಡನ ರಟ್ಟೆ ಬಿಟ್ಟು, ಬುತ್ತಿಯ ಚೀಲವನ್ನು ಅವರ ಕೈಗಿಟ್ಟಳು.